ಬಳಗಾನೂರು ಸೀಮೆಯಲ್ಲಿ ಸರ್ಕಾರದ ಎರಡು ಉದ್ಯಮಗಳು

ಬಳಗಾನೂರನ್ನು ನಡುವಿಟ್ಟುಕೊಂಡು ನೋಡಿದರೆ, ಸರ್ಕಾರವು ದುಡಿಮೆಯನ್ನು ಸೃಷ್ಟಿಸಿದ ಎರಡು ಬಗೆಗಳು ಒಂದೇ ಸೀಮೆಯಲ್ಲಿ ಕಂಡುಬರುತ್ತವೆ. ಒಂದು, ಸಿಂಧನೂರಿನ ಕಡೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆ. ಇನ್ನೊಂದು, ಮಸ್ಕಿಯಾಚೆ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಹಟ್ಟಿಯ ಚಿನ್ನದ ಗಣಿ. ಇವನ್ನು ಬೇರೆಬೇರೆಯಾಗಿ ವರ್ಣಿಸುವುದೇ ರೂಢಿ. ದುಡಿಯುವವನ ದೃಷ್ಟಿಯಿಂದ ಎರಡನ್ನೂ ಒಟ್ಟಿಗಿಟ್ಟು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ನೆಲದ ಚಿನ್ನದ ಕಥೆ ಹಳೆಯದು. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬಾತನೂ ಚಿನ್ನವನ್ನು ಅರಸುತ್ತಿದ್ದ ಗಣಿ ಎಂಜಿನಿಯರನೇ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯು ಸ್ಥಾಪಿತವಾಯಿತು; 1956ರ ರಾಜ್ಯ ಪುನರ್ವಿಂಗಡಣೆಯೊಡನೆ ಅದು ಮೈಸೂರು ಸರ್ಕಾರದ ಪಾಲಿಗೆ ಬಂದಿತು. ಗಣಿಯ ಕೆಲಸ ಸುಖದ್ದೆಂದು ಯಾರೂ ಹೇಳಲಾರರು. ಆದರೆ 1952ರ ಗಣಿ ಕಾಯಿದೆಯು ನೆಲದಡಿಯ ದುಡಿಮೆಯನ್ನು ದಿನಕ್ಕೆ 8 ಗಂಟೆಗಳಿಗೆ ಮಿತಗೊಳಿಸಿತ್ತು. ಕಾರ್ಮಿಕನ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅನ್ಯಾಯವಾದರೆ ಕೇಳಬೇಕಾದ ಧಣಿ ಯಾರೆಂಬುದು ಅವನಿಗೆ ಗೊತ್ತಿತ್ತು.

ಕಾಲುವೆಯ ಕಥೆ ಇಷ್ಟು ಸರಳವಲ್ಲ. ಹೈದರಾಬಾದು ಮತ್ತು ಮದರಾಸು ಸರ್ಕಾರಗಳು 1945ರಲ್ಲಿ ನದಿಯ ಎರಡೂ ದಂಡೆಗಳಲ್ಲಿ ಅಣೆಕಟ್ಟಿಗೆ ಅಸ್ತಿಭಾರವಿಟ್ಟವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಲ್ಪ ನೀರಿನ ಬೆಳೆಗಳಿಗೇ ಹೆಚ್ಚಿನ ಭೂಮಿಯನ್ನು ಗೊತ್ತುಪಡಿಸಿ, ನೀರನ್ನು ದೂರದವರೆಗೆ ಹಂಚಬೇಕೆಂಬುದು ಯೋಜನೆಯ ಆಶಯವಾಗಿತ್ತು. ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು, 'ಕ್ಯಾಂಪು'ಗಳನ್ನು ಕಟ್ಟಿಕೊಂಡು, ಬತ್ತವನ್ನು ಬೆಳೆದರು. ಸ್ಥಳೀಕರೂ ಅವರನ್ನು ಅನುಸರಿಸಿದರು. ಬತ್ತಕ್ಕೆ ನಾಟಿಯಿಂದ ಒಕ್ಕಣೆಯವರೆಗೆ ಕೈಗಳು ಬೇಕು. ಆದುದರಿಂದ ಕೂಲಿ ಹೆಚ್ಚಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಲ್ಭಾಗದಲ್ಲಿ ಬತ್ತ ಹಬ್ಬಿದಷ್ಟೂ ಕಾಲುವೆಯ ಕೊನೆಯ ಮಾನ್ವಿ, ರಾಯಚೂರು ಭಾಗಗಳಿಗೆ ನೀರು ಕಡಿಮೆಯಾಯಿತು. ನೀರಿಲ್ಲದೆಡೆ ಕೂಲಿಯೂ ಇಲ್ಲವಾಯಿತು. ಮುಂದೆ ಕೊಯ್ಲು ಯಂತ್ರದ ಪಾಲಾಯಿತು. 1948ರ ಕನಿಷ್ಠ ವೇತನ ಕಾಯಿದೆಯ ವ್ಯಾಪ್ತಿಯಲ್ಲಿ ಬೇಸಾಯವೂ ಇದ್ದಿತೆಂಬುದನ್ನು ನಾವು ಮರೆಯಬಾರದು. ಕೊರತೆ ಕಾಯಿದೆಯದಲ್ಲ. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ನಾಟಿ ಮಾಡುವ ಹೆಂಗಸರಿಗೆ ಯಾವ ಹಾಜರಿ ಪುಸ್ತಕ, ಯಾವ ಧಣಿ?

ಹಟ್ಟಿಯಲ್ಲಿ ಸರ್ಕಾರ ತಾನೇ ಧಣಿಯಾಯಿತು. ಕಾಲುವೆಯಲ್ಲಿ ನೀರು ಬಿಟ್ಟು ದೂರ ನಿಂತಿತು. ಭೂಮಿಯ ಬೆಲೆ ಏರಿತು, ಕೂಲಿಯ ಭದ್ರತೆ ಏರಲಿಲ್ಲ. ಇದು ನಮ್ಮ ಅಭಿಪ್ರಾಯ; ಭಿನ್ನಾಭಿಪ್ರಾಯಕ್ಕೆ ಅವಕಾಶವುಂಟು.

2006ರ ಫೆಬ್ರವರಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಮೊದಲು ಜಾರಿಗೊಂಡ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವೆಂಬ ಆ ನಿಯಮದಿಂದ ಹೊಲಗೂಲಿಯವರ ಹೆಸರು ಸರ್ಕಾರದ ಹಾಜರಿ ಪಟ್ಟಿಯನ್ನು ಸೇರಿತು. ಅದು ಕೆರೆ ಹೂಳು, ಬದು, ರಸ್ತೆಗಳ ಕೆಲಸಕ್ಕೆ ಮಾತ್ರ, ಬತ್ತದ ಗದ್ದೆಯ ನಾಟಿಗಲ್ಲ.