ಕೆರೆಯ ಮಣ್ಣು, ಕುಂಬಾರನ ತಿಗರಿ



ನೇಪಾಳದಲ್ಲಿ ಕುಮಾಲರೆಂಬ ಜನರಿದ್ದಾರೆ. ಮಡಕೆ ಮಾಡುವುದು ಅವರ ಕುಲವೃತ್ತಿ. ಸಂಸ್ಕೃತದ ‘ಕುಂಭಕಾರ’ ಶಬ್ದವೇ ಅಲ್ಲಿ ಕುಮಾಲನೆಂದೂ ನಮ್ಮಲ್ಲಿ ಕುಂಬಾರನೆಂದೂ ರೂಪಾಂತರ ಹೊಂದಿದೆ. ದೂರದ ಆ ಜನರ ಬಾಳನ್ನು ತಿಳಿಯಬಯಸುವ ನಾವು ನಮ್ಮ ನೆರೆಯ ಕುಂಬಾರನನ್ನು ಮೊದಲು ಅರಿಯುವುದು ಯುಕ್ತವಲ್ಲವೆ?

ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ಕುಂಬಾರನೂ ಒಬ್ಬ ಆಯಗಾರನಾಗಿದ್ದನು. ಊರಿಗೆ ಬೇಕಾದ ಮಡಕೆ ಕುಡಿಕೆಗಳನ್ನು ಒದಗಿಸಿ, ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲನ್ನು ಪಡೆಯುತ್ತಿದ್ದನು. ಮದುವೆಯ ಅರಿವೇಣಿಯೂ ದೀಪಾವಳಿಯ ಹಣತೆಯೂ ಅವನ ಮನೆಯಿಂದಲೇ ಬರಬೇಕು. ೧೨ನೆಯ ಶತಮಾನದ ಶರಣ ಕುಂಬಾರ ಗುಂಡಯ್ಯನು ಮಡಕೆ ತಟ್ಟುವ ನಾದಕ್ಕೆ ಶಿವನೇ ಕುಣಿದನೆಂದು ಹರಿಹರನ ರಗಳೆಯಲ್ಲಿ ವರ್ಣಿತವಾಗಿದೆ. ಕಾಯಕಕ್ಕೆ ಇದಕ್ಕಿಂತ ಹಿರಿಯ ಮನ್ನಣೆ ಯಾವುದು?

ಈ ಕಸುಬಿನ ಮೂಲಧನವೆಂದರೆ ಕೆರೆಯ ಜೇಡಿಮಣ್ಣು. ಬೇಸಗೆಯಲ್ಲಿ ನೀರಿಳಿದ ಅಂಗಳದಿಂದ ಅದನ್ನು ತಂದು, ನೆನೆಸಿ, ಕಾಲಿನಿಂದ ತುಳಿದು ಹದಗೊಳಿಸುವರು. ತಿಗರಿಯ ಮೇಲೆ ಬಾಯಿಯೂ ಕಂಠವೂ ಮೂಡುತ್ತವೆ. ಆಮೇಲೆ ಒಳಗೊಂದು ಕಲ್ಲನ್ನು ಒತ್ತಿಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿತಟ್ಟಿ ತಳವನ್ನು ಕೂಡಿಸಬೇಕು. ನೆರಳಿನಲ್ಲಿ ಒಣಗಿಸಿ ಆವಿಗೆಯಲ್ಲಿ ಸುಡುವವರೆಗೂ ಮಳೆಯ ಭಯ ತಪ್ಪದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಬರಿಯ ಮಾತಲ್ಲ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆಯೆಂಬ ಹೆಸರು ಇಂದಿಗೂ ಇದೆ. ನಗರದ ದಕ್ಷಿಣಭಾಗವಾದರೋ ಕೆರೆಗಳ ಸೀಮೆಯೇ ಆಗಿತ್ತು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಮುಂತಾದ ಹಳ್ಳಿಗಳಿಗೆಲ್ಲ ಒಂದೊಂದು ಕೆರೆ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಾದ ಮೇಲೆ ಬಡಾವಣೆಗಳು ಒಂದರ ಹಿಂದೊಂದು ಬೆಳೆದುವು. ಬಿ.ಟಿ.ಎಂ. ಬಡಾವಣೆಯ ಮೂರಕ್ಷರಗಳಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳಗಳು ಅಡಗಿವೆಯೆಂಬುದನ್ನು ಅಲ್ಲಿ ವಾಸಿಸುವವರೇ ಮರೆಯುತ್ತಿರುವರು.

ಲೋಹದ ಪಾತ್ರೆಗಳು ಬಂದುದರಿಂದಲೇ ಕುಂಬಾರನು ಕೆಟ್ಟನೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಅರ್ಧಸತ್ಯ. ಕೊಳ್ಳುವವರು ಕಡಮೆಯಾದರೂ ಹಣತೆ, ಹೂಕುಂಡ, ನೀರಿನ ಹೂಜಿಗಳಿಗೆ ಬೇಡಿಕೆ ಉಳಿದೇ ಇದೆ. ಆದರೆ ಕೆರೆಯಂಗಳ ನಿವೇಶನವಾದರೆ, ಇಲ್ಲವೆ ಚರಂಡಿಯ ನೀರು ಸೇರಿ ಮಣ್ಣು ಕೆಟ್ಟರೆ, ತಿಗರಿಯ ಮೇಲೆ ಇಡುವುದೇನನ್ನು? ಕೆರೆಗೆ ಬೇಲಿ ಹಾಕಿ, ದಂಡೆಯಲ್ಲಿ ನಡೆದಾಡಲು ಹಾದಿ ಮಾಡಿದರೆ ಕಣ್ಣಿಗೆ ತಂಪು, ನಿಜ. ಹೂಳೆತ್ತುವಾಗ ಹದವಾದ ಮಣ್ಣಿನಲ್ಲಿ ಒಂದು ಪಾಲನ್ನು ಕುಂಬಾರರಿಗೆ ಬಿಡುವುದಾದರೆ, ಕೆರೆಯೂ ಕಸುಬೂ ಒಟ್ಟಿಗೆ ಬಾಳಿಯಾವು. ಅವನು ನಮ್ಮಿಂದ ಕೇಳುವುದು ಕನಿಕರವನ್ನಲ್ಲ, ಒಂದು ಗಾಡಿ ಮಣ್ಣನ್ನು.