ಸೇವಿಲ್-ಕೆಂಟ್: ಗುಟ್ಟಾಗಿ ಉಳಿದ ಮುತ್ತು, ಅಚ್ಚಾದ ಹವಳ

ಮುತ್ತಿನ ಕೃಷಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜಪಾನಿನ ಪೇಟೆಂಟ್ ಕಡತಗಳಿಂದ ಶುರುಮಾಡುತ್ತಾರೆ. ಕೊಕಿಚಿ ಮಿಕಿಮೊಟೊ 1893ರಲ್ಲಿ ಅರೆಮುತ್ತು ಬೆಳೆದು 1896ರಲ್ಲಿ 2670ನೆಯ ಸಂಖ್ಯೆಯ ಪೇಟೆಂಟ್ ಪಡೆದ. ಅದಕ್ಕೂ ಕೊಂಚ ಮೊದಲೇ, ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಲ್ಲಿ ವಿಲಿಯಂ ಸೇವಿಲ್-ಕೆಂಟ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಅದೇ ಪ್ರಯೋಗ ನಡೆಸಿದ್ದ. ಹವಳದ ದಿಬ್ಬಗಳನ್ನು ಕ್ರಮಬದ್ಧವಾಗಿ ಕ್ಯಾಮೆರಾದಲ್ಲಿ ಹಿಡಿದ ಮೊದಲಿಗರಲ್ಲಿಯೂ ಆತ ಒಬ್ಬ. ಆತನ ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡುವುದು ರೂಢಿ. ಜೊತೆಗಿಟ್ಟು ನೋಡಬೇಕೆಂಬುದು ನನ್ನ ವಾದ.

1845ರಲ್ಲಿ ಸಿಡ್‌ಮತ್‌ನಲ್ಲಿ ಹುಟ್ಟಿದ ಸೇವಿಲ್-ಕೆಂಟ್, ಬ್ರೈಟನ್ ಮತ್ತು ಮ್ಯಾಂಚೆಸ್ಟರ್‌ಗಳ ಮತ್ಸ್ಯಾಲಯಗಳಲ್ಲಿ ದುಡಿದು 1884ರಲ್ಲಿ ಟಾಸ್ಮೇನಿಯಾದ ಮೀನುಗಾರಿಕೆ ಅಧಿಕಾರಿಯಾದ. ಬರಿದಾಗಿದ್ದ ಸಿಂಪಿ ಹಾಸುಗಳಿಗೆ ಮರುಜೀವ ಕೊಡುವುದು ಅಲ್ಲಿನ ಮುಖ್ಯ ಹೊಣೆ. 1889ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಬಂದಾಗ ಮುತ್ತಿನ ಚಿಪ್ಪಿನ ವ್ಯಾಪಾರ ಭರದಲ್ಲಿತ್ತು, ಸಮುದ್ರದ ತಳ ಬರಿದಾಗುತ್ತಿತ್ತು. ಹೆಕ್ಕುವುದನ್ನು ಬಿಟ್ಟು ಬೆಳೆಯಬೇಕು ಎಂಬ ಆಲೋಚನೆ ಆತನಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದಲೇ.

ಅರೆಮುತ್ತಿನ ತಂತ್ರ ಸರಳ. ಜೀವಂತ ಸಿಂಪಿಯ ಚಿಪ್ಪಿನ ಒಳಮೈಗೆ ಗುಂಡಿಯಂಥ ತುಣುಕನ್ನು ಅಂಟಿಸಿದರೆ, ಚಿಪ್ಪಿಗೆ ಹೊಳಪು ಕೊಡುವ ಪೊರೆ ಅದರ ಮೇಲೂ ಪದರ ಹಾಸುತ್ತದೆ. ಚೀನಿಯರು ಶತಮಾನಗಳ ಹಿಂದೆಯೇ ಸಿಹಿನೀರಿನ ಚಿಪ್ಪುಗಳಲ್ಲಿ ಪುಟ್ಟ ಬುದ್ಧನ ಅಚ್ಚುಗಳನ್ನಿಟ್ಟು ಹೀಗೆ ಬೆಳೆಯುತ್ತಿದ್ದರು. ಗುಂಡುಮುತ್ತಿನ ದಾರಿ ಬೇರೆ. ಆ ಪೊರೆಯ ಒಂದು ಚೂರನ್ನು ಮಣಿಯ ಜೊತೆ ಮತ್ತೊಂದು ಸಿಂಪಿಯ ಮೈಯೊಳಗೆ ಸೇರಿಸಬೇಕು. ಆ ಚೂರು ಬೆಳೆದು ಮಣಿಯ ಸುತ್ತ ಚೀಲವಾಗುತ್ತದೆ. ಈ ವಿಧಾನಕ್ಕೆ 1907ರಲ್ಲಿ ಜಪಾನಿನಲ್ಲಿ ಇಬ್ಬರು ಪೇಟೆಂಟ್ ಕೋರಿದರು: ಬಡಗಿ ತತ್ಸುಹೇ ಮಿಸೆ, ಮಿಕಿಮೊಟೊನ ಅಳಿಯನೂ ವಿಜ್ಞಾನಿಯೂ ಆದ ತೋಕಿಚಿ ನಿಶಿಕಾವಾ. ಜಗಳ ರಾಜಿಯಲ್ಲಿ ಮುಗಿದು, ವಿಧಾನಕ್ಕೆ ಇಬ್ಬರ ಹೆಸರೂ ಉಳಿಯಿತು.

ಈ ವಿಧಾನದ ಮೂಲ ಜ್ಞಾನ ಥರ್ಸ್‌ಡೇ ದ್ವೀಪದಿಂದ ಜಪಾನಿಗೆ ಹೋದದ್ದು ಎಂದು ಆಸ್ಟ್ರೇಲಿಯಾದ ಕೆಲವರು ವಾದಿಸಿದ್ದಾರೆ. ಮಿಸೆಯ ಮಲತಂದೆ ಜಪಾನ್ ಸರ್ಕಾರದ ಸಿಂಪಿ ಪರೀಕ್ಷಕನಾಗಿದ್ದ, ಆತನ ಮೂಲಕ ಸುದ್ದಿ ತಲುಪಿರಬಹುದು ಎಂಬುದು ಈ ವಾದಕ್ಕೆ ಒಂದು ಎಳೆ. ಎಳೆ ಆಕರ್ಷಕ, ಆದರೆ ಪುರಾವೆಯಲ್ಲ. ಸೇವಿಲ್-ಕೆಂಟ್ ತನ್ನ ವಿಧಾನವನ್ನು ಗುಟ್ಟಾಗಿಟ್ಟ. ಮುತ್ತು ಬೆಳೆಯಲೆಂದೇ 1906ರ ಹೊತ್ತಿಗೆ ಥರ್ಸ್‌ಡೇ ದ್ವೀಪವಿರುವ ಟಾರೆಸ್ ಜಲಸಂಧಿಗೆ ಮರಳಿದವನು 1908ರಲ್ಲಿ ತೀರಿಕೊಂಡ. ಕಲೆಯೂ ಅವನೊಂದಿಗೇ ಹೋಯಿತು. ಇಷ್ಟು ಕಷ್ಟಪಟ್ಟವನ ಪಾಲು ಎಷ್ಟೆಂದು ಅಳೆಯಲು ಒಂದು ಪುಟವೂ ಇಲ್ಲದಿರುವುದು ನನ್ನನ್ನು ಬಹಳ ಕಾಡುತ್ತದೆ.

ಛಾಯಾಚಿತ್ರಗಳ ವಿಷಯದಲ್ಲಿ ಆತ ನಡೆದುಕೊಂಡದ್ದು ತದ್ವಿರುದ್ಧ. ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ಇಳಿತದಲ್ಲಿ ಹವಳ ನೀರಿನಿಂದ ಮೇಲೇಳುವ ಸ್ವಲ್ಪ ಹೊತ್ತಿಗಾಗಿ ಕಾದು ಕ್ಯಾಮೆರಾ ಹೂಡುತ್ತಿದ್ದ. 1893ರಲ್ಲಿ ಲಂಡನ್ನಿನಿಂದ ಬಂದ ‘ದಿ ಗ್ರೇಟ್ ಬ್ಯಾರಿಯರ್ ರೀಫ್ ಆಫ್ ಆಸ್ಟ್ರೇಲಿಯಾ’ದಲ್ಲಿ ಈ ಚಿತ್ರಗಳು ದೊಡ್ಡ ಫಲಕಗಳಾಗಿ ಅಚ್ಚಾದವು.

ಬೊವೆನ್ ಊರಿನ ಎದುರಿನ ಸ್ಟೋನ್ ದ್ವೀಪದ ಚಿತ್ರವನ್ನು ನೋಡಿ. ಮುಂಭಾಗದಲ್ಲಿ ಕಾಲಿಡಲು ಜಾಗವಿಲ್ಲದಂತೆ ಒತ್ತೊತ್ತಾದ ಹವಳ; ಹಿಂದೆ, ನೀರಿನಾಚೆ, ಗ್ಲಾಸ್ಟರ್ ದ್ವೀಪದ ಗುಡ್ಡಗಳ ಸಾಲು. ಹವಳದ ಚಿತ್ರಕ್ಕೆ ಗುಡ್ಡ ಬೇಕಿರಲಿಲ್ಲ. ಆದರೆ ನೂರು ವರ್ಷಗಳ ನಂತರ ವಿಜ್ಞಾನಿಗಳು ಅದೇ ಜಾಗ ಹುಡುಕಿ ಹೊರಟಾಗ ನೆರವಾದದ್ದು ಆ ಗುಡ್ಡಗಳ ಅಂಚು. 1994ರಲ್ಲಿ ತೆಗೆದ ಚಿತ್ರದಲ್ಲಿ ಗುಡ್ಡ ಹಾಗೆಯೇ ಇದೆ, ಮುಂಭಾಗದ ಹವಳವಿಲ್ಲ. ಆ ಭಾಗದ ಹವಳಕ್ಕೆ 1918ರ ಚಂಡಮಾರುತದ ಮಳೆ, ನೆರೆಗಳಿಂದ ಬಿದ್ದ ಪೆಟ್ಟು 1920ರ ದಶಕದಲ್ಲಿಯೇ ದಾಖಲಾಗಿತ್ತು. ಹವಳ ಮತ್ತೆ ಏಕೆ ತುಂಬಿಕೊಳ್ಳಲಿಲ್ಲ, ಪಕ್ಕದ ತಾಣಗಳಲ್ಲಿ ಎಷ್ಟು ಉಳಿದಿದೆ ಎಂಬ ಚರ್ಚೆ ಇವತ್ತಿಗೂ ಆ ಒಂದು ಫಲಕವನ್ನು ಮುಂದಿಟ್ಟುಕೊಂಡು ನಡೆಯುತ್ತಿದೆ.