ದಫ್ತರ ಕಾಣದ ಕೋಳಿ

ಹುಣಸೂರು ಎಂದೊಡನೆ ಚರಿತ್ರೆಯನ್ನು ಅಷ್ಟಿಷ್ಟು ಓದಿಕೊಂಡವರಿಗೆ ನೆನಪಾಗುವುದು ಅಮೃತಮಹಲಿನ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಹೈದರನ ಕೈಗೆ ಬಂದು, ಫಿರಂಗಿ ಎಳೆಯುವ ದನಗಳ ಇಲಾಖೆಯಾಗಿ, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. 1813ರಲ್ಲಿ ಕುಂಪಣಿ ಸರಕಾರದ ಸೈನ್ಯದ ವಶಕ್ಕೆ ಹೋಗಿ ಹುಣಸೂರನ್ನೇ ತನ್ನ ಠಾಣ್ಯ ಮಾಡಿಕೊಂಡಿತು. 1860ರಲ್ಲಿ ಖರ್ಚು ಹೆಚ್ಚಾಯಿತೆಂದು ಅದನ್ನು ಮುರಿದು ದನಗಳನ್ನು ಮಾರಿದರು. ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. ಆ ಎತ್ತುಗಳ ತಳಿ, ಬಣ್ಣ, ಕೊಂಬು, ನಡಿಗೆ, ಅವು ಮೇಯುತ್ತಿದ್ದ ಕಾವಲುಗಳ ಹೆಸರು, ಎಲ್ಲವೂ ಬರಹದಲ್ಲಿವೆ. ಕಾವಲು ಎಂಬ ಮಾತು ಇಂದಿಗೂ ನಮ್ಮ ಕಡೆಯ ಹಳ್ಳಿಗಳ ಹೆಸರಿಗೆ ಬಾಲದಂತೆ ಅಂಟಿಕೊಂಡಿದೆ.

ನನ್ನ ತಕರಾರು ಎತ್ತಿನ ಮೇಲೆ ಅಲ್ಲ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಮೂರು ಎಕರೆ ಖುಷ್ಕಿಯ ಮನೆಯಲ್ಲಿ ಹುಟ್ಟಿದವನು ನಾನು. ಎತ್ತು ನಮ್ಮ ಮನೆಯ ಮರ್ಯಾದೆ. ಆದರೆ ಮನೆಯನ್ನು ಸಾಕಿದ್ದು ಹತ್ತು ಹದಿನೈದು ಕುರಿ, ಇಪ್ಪತ್ತು ಕೋಳಿ. ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಪರೀಕ್ಷೆಯ ಶುಲ್ಕಕ್ಕೆ ಹೋದದ್ದು ಒಂದು ಟಗರು. ಬಸ್ಸಿನ ದುಡ್ಡು, ನೋಟುಬುಕ್ಕು, ತಲೆನೋವಿನ ಮಾತ್ರೆಗೆಲ್ಲ ಹೋದದ್ದು ಮೊಟ್ಟೆ. ಕನ್ನಡ ಬೋಧಿಸುವವನಿಗೆ ಹಳೆಯ ಕಾಗದಗಳ ಚಪಲ ಬೇರೆ ಇರುತ್ತದಷ್ಟೆ. ಆ ಚಪಲದಲ್ಲಿ ನಮ್ಮ ಕುರಿ ಕೋಳಿಗಳು ಎಲ್ಲಿಯಾದರೂ ಸಿಕ್ಕಾವೇ ಎಂದು ಹುಡುಕಿದ್ದುಂಟು.

ಕುರಿ ಸಿಗುತ್ತದೆ. ಶಾಸನಗಳಲ್ಲಿ ಮನೆ, ಮಗ್ಗ, ಗಾಣಗಳ ತೆರಿಗೆಯ ಸಾಲಿನಲ್ಲಿ ಕುರಿಯ ಮೇಲಿನ ತೆರಿಗೆಯೂ ಬರುತ್ತದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಸೀಮೆ ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಪಿರಿಯಾಪಟ್ಟಣಕ್ಕೂ ಬಂದಿದ್ದನು. ಅಲ್ಲಿ ಆತನಿಗೆ ಕಂಡದ್ದು ಪಾಳುಬಿದ್ದ ಕೋಟೆ ಮತ್ತು ಹುಲಿಯ ಭಯ. ಆದರೂ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಕುರುಬರ ವಿಚಾರ, ಕಂಬಳಿಯ ವಿಚಾರ ಧಾರಾಳವಾಗಿದೆ. ಮುಂದೆ ಇದೇ ಹುಣಸೂರಿನಲ್ಲಿ ಕುಂಪಣಿಯ ಸೈನ್ಯಕ್ಕಾಗಿ ಚರ್ಮ ಹದಮಾಡುವ ಕಾರ್ಖಾನೆ, ಮರದ ಕೊಟ್ಟಾರಗಳ ಜೊತೆಗೆ ಕಂಬಳಿ ನೇಯುವ ಕಾರ್ಖಾನೆಯೂ ನಡೆಯಿತು. 1860ರ ದಶಕದಲ್ಲಿ ಅದು ಮುಚ್ಚಿದ ಮೇಲೂ ಕೈ ಪಳಗಿದ ಕಸುಬುದಾರರು ಊರಿನಲ್ಲಿಯೇ ಉಳಿದು ಕೆಲಸ ಮುಂದುವರಿಸಿದ್ದನ್ನು ರೈಸ್ ಸಾಹೇಬರ ಗ್ಯಾಸೆಟಿಯರ್ ಹೇಳುತ್ತದೆ. ನಮ್ಮ ಸೀಮೆಯ ಕುರಿಯ ಉಣ್ಣೆ ಒರಟೆಂದು ಕಮಿಷನರ್ ಮಾರ್ಕ್ ಕಬ್ಬನ್ ಮೆರಿನೊ ಟಗರುಗಳನ್ನು ತರಿಸಿ ತಳಿ ತಿದ್ದಲು ನೋಡಿದ್ದೂ ಇದೇ ಶತಮಾನದಲ್ಲಿ. ದೊಡ್ಡ ಖರ್ಚಿನ ಆ ಪ್ರಯೋಗ ಅವರ ತರುವಾಯ ಬಾಳಲಿಲ್ಲ. ನಮ್ಮ ಕುರಿ ಒರಟಾಗಿಯೇ ಉಳಿಯಿತು.

ಒರಟು ಎಂದರೆ ಏನು ಕಡಮೆ? ವರ್ಷಕ್ಕೆ ಎರಡು ಸಲ ಕತ್ತರಿಸಿದ ಆ ಉಣ್ಣೆಯನ್ನು ಮನೆಯ ಹೆಂಗಸರು ನೂತು, ಹಾಸಿಗೆ ಹುಣಸೆಬೀಜದ ಗಂಜಿ ಹಾಕಿ, ಕುರುಬರ ಗುಣಿಮಗ್ಗದಲ್ಲಿ ನೇಯ್ದ ಕರಿಕಂಬಳಿ ನಾಟಿಯ ಮಳೆಗೆ ಕೊಪ್ಪೆಯಾಗುತ್ತಿತ್ತು, ರಾತ್ರಿಗೆ ಹಾಸಿಗೆಯಾಗುತ್ತಿತ್ತು, ಕಣದಲ್ಲಿ ರಾಗಿಗೆ ಮುಚ್ಚಿಗೆಯಾಗುತ್ತಿತ್ತು, ದೇವರಿಗೆ ಗದ್ದುಗೆಯೂ ಆಗುತ್ತಿತ್ತು. ಹುಣಸೆಯ ಊರೇ ಹುಣಸೂರು ಎನ್ನುವುದುಂಟು. ಗಂಜಿ ನೆನೆದಾಗಲೆಲ್ಲ ಆ ನಿರುಕ್ತಿಯನ್ನು ನಂಬಬೇಕೆನಿಸುತ್ತದೆ.

ಕುರಿಯ ದಿನಚರಿಯಲ್ಲಿ ಅವಸರವಿಲ್ಲ. ಇಬ್ಬನಿ ಆರುವವರೆಗೆ ರೊಪ್ಪದ ಬಾಗಿಲು ತೆಗೆಯಕೂಡದು. ಹಸಿ ಹುಲ್ಲಿನ ತುದಿಯಲ್ಲಿ ಹುಳು ಇರುತ್ತದೆಂದು ಪಶುವೈದ್ಯರು ಇಂದು ಹೇಳುವ ಮಾತನ್ನೇ ನಮ್ಮಜ್ಜಿ ‘ಮಂಜು ಮೇದ ಕುರಿ ಕೆಮ್ಮುತ್ತೆ’ ಎಂದು ಬೇರೆ ರೀತಿಯಲ್ಲಿ ಹೇಳುತ್ತಿದ್ದಳು. ಎಳೆಮರಿಗಳನ್ನು ಮಂಕರಿಯಡಿ ಮುಚ್ಚಿ ದೊಡ್ಡವನ್ನು ಹೊಡೆದುಕೊಂಡು ಹೋದರೆ, ಸಂಜೆ ಅವು ಮರಳುವಾಗ ತಾಯಿ ಮರಿಗಳು ಒಂದನ್ನೊಂದು ಕೂಗುವ ಗಲಾಟೆಯಲ್ಲಿ ಮಾತು ಕೇಳಿಸದು. ನಮ್ಮಪ್ಪ ಕುರಿಯನ್ನು ಎಣಿಸುತ್ತಿರಲಿಲ್ಲ, ಮುಖ ನೋಡುತ್ತಿದ್ದ. ಯಾವ ಮುಖ ಇಲ್ಲವೋ ಅದನ್ನು ಹುಡುಕಲು ಲಾಂದ್ರ ಹಿಡಿದು ಹೊರಡುತ್ತಿದ್ದ. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಲ್ಲಾದರೆ ಹಾಗೆ ಹೊರಡುವವನ ಧೈರ್ಯ ಬೇರೆಯೇ. ಅಲ್ಲಿ ಕತ್ತಲೆಗೆ ಚಿರತೆಯದು ಮೊದಲ ಹಕ್ಕು.

ನಾಲ್ಕು ತಾಲ್ಲೂಕಿನ ಕುರಿಯೂ ಒಂದೇ ಬಗೆಯಲ್ಲಿ ಬದುಕಿಲ್ಲ. ಎಡತೊರೆಯ ಪೇಟೆ 1924ರ ಕಾವೇರಿ ಪ್ರವಾಹಕ್ಕೆ ಸಿಕ್ಕಿದ ಮೇಲೆ ಹೊಸದಾಗಿ ಕಟ್ಟಿದ ಕೃಷ್ಣರಾಜನಗರದ ಸೀಮೆ ನಾಲೆ ನೀರಿನದು. ಅಲ್ಲಿ ಭತ್ತ ಕೊಯ್ದ ಗದ್ದೆಗೆ ಬಯಲುಸೀಮೆಯ ಮಂದೆಗಳು ಬಂದು ಬೀಡುಬಿಡುತ್ತವೆ. ರಾತ್ರಿಯೆಲ್ಲ ಕುರಿ ಮಲಗಿದ ಗದ್ದೆಗೆ ಬೇರೆ ಗೊಬ್ಬರ ಬೇಡ. ಒಡೆಯನು ಮಂದೆಯವರಿಗೆ ಕಾಳಿನಲ್ಲೋ ಹಣದಲ್ಲೋ ಕೂಲಿ ಕೊಡುತ್ತಾನೆ. ನಮ್ಮ ಖುಷ್ಕಿಯ ಕಡೆ ಕುರಿ ಮನೆಯದೇ, ಹೊಲವೂ ಮನೆಯದೇ. ಹತ್ತು ಕುರಿಯ ಹಿಕ್ಕೆ ಒಂದು ಎಕರೆ ರಾಗಿಯನ್ನು ಮೇಲೆತ್ತುವುದನ್ನು ನಾನು ಕಣ್ಣಾರೆ ಕಂಡವನು. ಬನ್ನೂರು ಕಡೆಯ ಬಂಡೂರು ಕುರಿಗೆ, ಗಿಡ್ಡ ಕಾಲು, ಪೀಪಾಯಿಯಂಥ ಮೈಯ ಆ ತಳಿಗೆ, ಮಾಂಸದ ಹೆಸರಿನಿಂದ ರಾಜಯೋಗ ಬಂದಿದೆ. ನಮ್ಮ ಕುರಿಗೆ ಆ ಯೋಗ ಯುಗಾದಿಯ ಮರುದಿನ ಮಾತ್ರ. ಹೊಸತೊಡಕಿನ ಹಿಂದಿನ ವಾರ ಮೂಳೆಚಕ್ಕಳದ ಟಗರಿಗೂ ಸಂತೆಯಲ್ಲಿ ಗಿರಾಕಿ ಉಂಟು.

ಮೇವಿನ ಕಥೆ ಬೇರೆ. ಹೊಗೆಸೊಪ್ಪು ನಮ್ಮ ಸೀಮೆಗೆ ಹೊಸದೇನಲ್ಲವಾದರೂ 1976ರಲ್ಲಿ ತಂಬಾಕು ಮಂಡಳಿ ಹುಟ್ಟಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದ ಮೇಲೆ, ಕಟ್ಟೆಮಳಲವಾಡಿ ಕಂಪಲಾಪುರಗಳ ಹರಾಜುಕಟ್ಟೆಯ ಮಾತೇ ಮನೆಮನೆಯ ಮಾತಾಯಿತು. ಬೀಳುನೆಲ ಹೊಲವಾಯಿತು, ಬೇಲಿಯ ಮರ ಬ್ಯಾರನ್ನಿನ ಒಲೆಗೆ ಹೋಯಿತು. ಮಾಳಿಗೆಯ ಮನೆ, ಮಕ್ಕಳ ಓದು, ಮದುವೆ ಅದರಿಂದಲೇ ಆದವು. ಅದನ್ನು ಹಳಿಯಲು ನನಗೆ ಬಾಯಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಪಂಡಿತರು ಆಡುಸೋಗೆಯೊಂದನ್ನು ಬಿಟ್ಟು ಎಂದು ಉತ್ತರ ಕೊಡುತ್ತಾರಷ್ಟೆ. ನಮ್ಮ ತಾಲ್ಲೂಕಿನಲ್ಲಿ ಆ ಪಟ್ಟಿಗೆ ಹೊಗೆಸೊಪ್ಪನ್ನೂ ಸೇರಿಸಬೇಕು. ಮುಂಗಾರಿನಲ್ಲಿ ಊರ ಸುತ್ತ ಹಸಿರೋ ಹಸಿರು. ಕುರಿಗೆ ಬಾಯಿಡಲು ರಸ್ತೆಯಂಚು ಮಾತ್ರ.

ಇನ್ನು ಕೋಳಿ. ಇದು ನನಗೆ ದಫ್ತರದಲ್ಲಿ ಸರಿಯಾಗಿ ಸಿಗಲೇ ಇಲ್ಲ. ಕುರಿಗೆ ತೆರಿಗೆಯಿದ್ದುದರಿಂದ ಲೆಕ್ಕವಿತ್ತು. ಕೋಳಿಗೂ ತೆರಿಗೆಯಿತ್ತು, ರಸೀತಿ ಇರಲಿಲ್ಲ. ಸರ್ಕೀಟು ಬಂದ ಅಧಿಕಾರಿಯ ಬಿಡಾರಕ್ಕೆ ತಳವಾರ ಬಂದು ಕೋಳಿ, ಮೊಟ್ಟೆ ಎತ್ತಿಕೊಂಡು ಹೋಗುತ್ತಿದ್ದುದನ್ನು ಅಜ್ಜಿ ನಗುತ್ತಲೇ ಹೇಳುತ್ತಿದ್ದಳು. ಸಾಹೇಬರ ಜೀಪಿನ ಸದ್ದು ಊರ ಬಾರೆಗೆ ಬರುತ್ತಲೂ ಅವಳು ಹುಂಜವನ್ನು ರಾಗಿಯ ವಾಡೆಯೊಳಗೆ ಇಳಿಸುತ್ತಿದ್ದಳಂತೆ. ಹುಂಜಕ್ಕೆ ಅದು ತಿಳಿಯಬೇಕಲ್ಲ! ಒಂದು ಸಲ ಒಳಗಿನಿಂದಲೇ ಕೂಗಿ ಸಿಕ್ಕಿಬಿತ್ತು.

ದಫ್ತರದವರು ಬರೆಯದಿದ್ದುದಕ್ಕೆ ಇನ್ನೊಂದು ಕಾರಣವನ್ನೂ ನಾನು ಊಹಿಸುತ್ತೇನೆ. ಕೋಳಿ ಮನೆಯ ಯಜಮಾನನದಲ್ಲ. ಹೊಲ, ಎತ್ತು, ಕುರಿ ಗಂಡಸಿನ ಹೆಸರಿನಲ್ಲಿ ನಡೆಯುವಂಥವು. ಕೋಳಿಯ ದುಡ್ಡನ್ನು ನಮ್ಮಪ್ಪ ಒಂದು ದಿನವೂ ಕೇಳಿದವನಲ್ಲ. ಅದು ಅವ್ವನ ಸೆರಗಿನ ತುದಿಯದು. ಅವಳ ಬಂಡವಾಳವಾದರೂ ಎಷ್ಟು? ತವರಿನಿಂದ ತಂದ ಒಂದು ಹ್ಯಾಟೆ. ಕಾವಿಗೆ ಕೂತರೆ ಹನ್ನೊಂದೋ ಹದಿಮೂರೋ ಮೊಟ್ಟೆ. ಇಪ್ಪತ್ತೊಂದನೆಯ ದಿನಕ್ಕೆ ಮರಿ. ಹದಿನೆಂಟರ ಸುಮಾರಿಗೆ ಮೊಟ್ಟೆಗಳನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು, ಅಲುಗಾಡಿದವನ್ನು ಮತ್ತೆ ತಾಯಿಯಡಿಗೆ ಸೇರಿಸುವಳು. ಹದ್ದು, ಮುಂಗುಸಿ, ಕಾಡುಬೆಕ್ಕುಗಳ ಪಾಲು ಕಳೆದು ನಾಲ್ಕೈದು ದಕ್ಕಿದರೆ ಪುಣ್ಯ. ಬೇಸಗೆಯಲ್ಲಿ ಕೊಕ್ಕರೆ ರೋಗ ಬಂತೋ, ಒಂದೇ ವಾರಕ್ಕೆ ಹಿತ್ತಿಲು ಬರಿದು. ಕುಮಾವೂನಿನ ರಾಣಿಖೇತದಲ್ಲಿ 1920ರ ದಶಕದಲ್ಲಿ ಗುರುತಿಸಿ ಅದೇ ಹೆಸರಿಟ್ಟ ರೋಗವಿದು. ಲಸಿಕೆ ಬಂದು ಎಷ್ಟೋ ಕಾಲವಾದರೂ ಹತ್ತು ಕೋಳಿಗೆಂದು ಹಾಕಿಸಿಕೊಳ್ಳಲು ಪಶು ಆಸ್ಪತ್ರೆಗೆ ಹೋದ ಹೆಂಗಸರನ್ನು ನಾನು ಹೆಚ್ಚು ಕಂಡಿಲ್ಲ. ಹಿತ್ತಿಲು ಬರಿದಾದಾಗ ಕೈಹಿಡಿಯುತ್ತಿದ್ದುದು ಪಾಲು. ಒಬ್ಬಳ ಹ್ಯಾಟೆಯನ್ನು ಇನ್ನೊಬ್ಬಳು ಸಾಕಿ, ಮರಿಗಳಲ್ಲಿ ಅರ್ಧರ್ಧ. ಕಾಗದವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯಿಲ್ಲ. ಹೀಗೆ ಪಾಲಿಗೆ ಕೊಟ್ಟ ಕೋಳಿ ಕೇರಿಯಿಂದ ಕೇರಿಗೆ, ಜಾತಿಯಿಂದ ಜಾತಿಗೆ ಹೋಗಿಬರುತ್ತಿತ್ತು. ಮನುಷ್ಯರು ಹಾಗೆ ಹೋಗಿಬರುತ್ತಿರಲಿಲ್ಲ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲಿಗೆಂದೇ ಗಿರಿರಾಜ ತಳಿಯನ್ನು ರೂಪಿಸಿದರು. ಮೈ ದೊಡ್ಡದು, ಮೊಟ್ಟೆ ಹೆಚ್ಚು. ಅವ್ವ ನಾಲ್ಕು ತಂದು ಸಾಕಿದಳು. ಕಾವಿಗೆ ಮಾತ್ರ ನಾಟಿ ಹ್ಯಾಟೆಯೇ ಬೇಕೆಂದಳು.

ಎರಡು ವರ್ಷದ ಹಿಂದೆ ಅಣ್ಣ ಬ್ರಾಯ್ಲರ್ ಷೆಡ್ಡು ಹಾಕುವ ಮಾತೆತ್ತಿದ. ಮರಿ, ಮೇವು, ಔಷಧಿ ಕಂಪನಿಯದು; ಷೆಡ್ಡು, ಕರೆಂಟು, ಕೂಲಿ ನಮ್ಮದು. ನಲವತ್ತು ದಿನಕ್ಕೆ ಎರಡು ಕಿಲೋ ಬೆಳೆದ ಕೋಳಿಯನ್ನು ಅವರೇ ತುಂಬಿಕೊಂಡು ಹೋಗಿ ಸಾಕಿದ ಕೂಲಿ ಕೊಡುತ್ತಾರೆ. ಹೊಗೆಸೊಪ್ಪಿನ ಸಾಲದಲ್ಲಿ ನವೆದವನಿಗೆ ತಿಂಗಳೊಪ್ಪತ್ತಿಗೆ ಕೈಸೇರುವ ಹಣದ ಆಸೆ ತಪ್ಪೆ? ಓದಿದವನೆಂದು ನನ್ನನ್ನು ಕೇಳಿದರು. ಲೆಕ್ಕ ಹಾಕಿ, ಆಗಬಹುದು ಎಂದವನು ನಾನೇ. ಅವ್ವ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, ‘ಅಲ್ಲ ಕಣ್ ಮಗ, ಆ ಕೋಳೀನ ನಾನ್ ಮಾರ್ಬೋದಾ?’ ಎಂದಳು. ಅಣ್ಣ ನನ್ನ ಮುಖ ನೋಡಿದ. ನಾನು ಅಣ್ಣನ ಮುಖ ನೋಡಿದೆ.

ಷೆಡ್ಡು ಎದ್ದಿತು. ರೊಪ್ಪದ ಅರ್ಧ ಜಾಗ ಅದಕ್ಕೆ ಹೋಗಿ ಕುರಿ ಹದಿನಾಲ್ಕರಿಂದ ಆರಕ್ಕೆ ಇಳಿದವು. ಮೊದಲ ತಂಡದ ಮರಿ ಇಳಿಸಲು ಬಂದ ಕಂಪನಿಯ ಹುಡುಗ ಹಿತ್ತಿಲಲ್ಲಿ ಕೆದಕುತ್ತಿದ್ದ ನಾಟಿ ಕೋಳಿಗಳನ್ನು ಕಂಡು, ಇವು ಇಲ್ಲಿ ಇರಕೂಡದು, ರೋಗ ಅಂಟುತ್ತದೆ ಎಂದ. ಅವನು ಹೇಳಿದ್ದು ಶಾಸ್ತ್ರಕ್ಕೆ ಸರಿಯೇ. ಕೊಕ್ಕರೆ ರೋಗಕ್ಕೆ ಹಿತ್ತಿಲು ಯಾವುದು, ಷೆಡ್ಡು ಯಾವುದು? ಅಣ್ಣ ಮಾರಿಬಿಡೋಣವೆಂದ. ಅವ್ವ ಮಾರಲಿಲ್ಲ. ಒಂದು ಹುಂಜ, ಆರು ಹ್ಯಾಟೆ, ಮರಿಗಳನ್ನೆಲ್ಲ ಎರಡು ಮಂಕರಿಯಲ್ಲಿ ತುಂಬಿ, ಕೆಳಗಿನ ಕೇರಿಯ ಗೆಳತಿಯ ಮನೆಗೆ ಪಾಲಿಗೆ ಬಿಟ್ಟು ಬಂದಳು.

ಈಗ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಗೆ ಹೋಗಿ, ಕೋಳಿ ಗೂಡು ಸೇರುವುದನ್ನು ನೋಡಿಕೊಂಡು ಬರುತ್ತಾಳೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ನಮ್ಮಪ್ಪನಂತೆಯೇ ಅವಳೂ ಎಣಿಸಲಿಲ್ಲ. ಬರುವಾಗ ಆ ಮನೆಯಾಕೆ ಸೆರಗಿಗೆ ಐದು ಮೊಟ್ಟೆ ಹಾಕಿದಳು. ಅವ್ವ ಎರಡನ್ನು ನನ್ನ ಅಂಗಿಯ ಜೇಬಿಗೆ ಇಳಿಸಿ, ಬಸ್ಸಿನಲ್ಲಿ ಜೋಪಾನ ಎಂದಳು.